ಮೊದಲು ಒಳ್ಳೆಯ ಕಣ್ಣು

ಕಡಬದಲ್ಲಿ ನಾನು ಕೂರುವುದು ಗುರುವಾರ ಮಾತ್ರ. ಉಳಿದ ದಿನಗಳಲ್ಲಿ ಪುತ್ತೂರಿನ ನನ್ನ ಸಣ್ಣ ಕಣ್ಣಿನ ಆಸ್ಪತ್ರೆ. ಕಡಬದ್ದು ಮೆಡಿಕಲ್ ಶಾಪಿನ ಮೇಲಿನ ಒಂದೇ ಒಂದು ಕೋಣೆ. ಅಲ್ಲಿರುವುದು ಚೀಲದಲ್ಲಿ ಹೊತ್ತು ತರಬಹುದಾದಷ್ಟೇ ಉಪಕರಣಗಳು. ಕಿಟಕಿಯ ಕೆಳಗೆ ಹಳ್ಳಿಗಳಿಗೆ ಹೋಗುವ ಜೀಪುಗಳು ನಿಲ್ಲುತ್ತವೆ. ಡ್ರೈವರುಗಳು ಊರಿನ ಹೆಸರು ಕೂಗುವ ಗದ್ದಲದಲ್ಲಿ ರೋಗಿಯ ಹೆಸರು ಕರೆಯಬೇಕಾದರೆ ನನಗೂ ಅವರಷ್ಟೇ ಗಂಟಲು ಬೇಕು.

ಒಂದು ಗುರುವಾರ ಕೊನೆಗೆ ಒಳಬಂದ ತಾಯಿ ಮೇಜಿನ ಮೇಲೆ ಚೀಲ ಕೊಡವಿದರು. ನಾಲ್ಕು ಕನ್ನಡಕಗಳು ಬಿದ್ದವು. ನಾಲ್ಕೂ ಜೊತೆಯಲ್ಲಿದ್ದ ಆರನೇ ಕ್ಲಾಸಿನ ಮಗಳವು.

"ಇದು ಪುತ್ತೂರಿಂದು, ಇದು ಸುಳ್ಯದ್ದು, ಇದು ಪುನಃ ಪುತ್ತೂರು. ಇದು ಇವಳ ಅಪ್ಪ ಮಂಗಳೂರಿಗೆ ಹೋದಾಗ ಮಾಡಿಸಿದ್ದು. ಯಾವುದು ಹಾಕಿದ್ರೂ ಸ್ವಲ್ಪ ದಿನ ಸರಿ ಡಾಕ್ಟ್ರೆ. ಮತ್ತೆ ಬೋರ್ಡು ಕಾಣುದಿಲ್ಲ ಅಂತಾಳೆ. ಟೀಚರ್ ಹೇಳುದು ಇವಳಿಗೆ ಓದ್ಲಿಕ್ಕೆ ಮನಸ್ಸಿಲ್ಲ, ಕಣ್ಣಿನ ನೆಪ ಅಂತ."

ತಾಯಿ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ನಡೆಸುವವರು. ತಂದೆ ಕೆಳಗೆ ಕೂಗುತ್ತಿದ್ದ ಜೀಪು ಡ್ರೈವರುಗಳಲ್ಲಿ ಒಬ್ಬರು. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ನನ್ನ ಉಪಕರಣಗಳನ್ನೇ ನೋಡುತ್ತಿದ್ದಳು.

ನಾನು ಮೊದಲು ನಾಲ್ಕೂ ಕನ್ನಡಕಗಳ ಪವರ್ ಅಳೆದು, ಮಾಡಿಸಿದ ಕ್ರಮದಲ್ಲಿ ಸಾಲಾಗಿ ಇಟ್ಟೆ. ಒಂದರಿಂದ ಒಂದಕ್ಕೆ ಬಲಗಣ್ಣಿನ ಸಿಲಿಂಡರ್ ಪವರ್, ಅಂದರೆ ಕಣ್ಣಿನ ವಾರೆಯನ್ನು ಸರಿದೂಗಿಸುವ ಪವರ್, ಏರುತ್ತ ಹೋಗಿತ್ತು. ಅಷ್ಟೇ ಆಗಿದ್ದರೆ ಬೆಳೆಯುವ ಮಗು ಎಂದು ಸುಮ್ಮನಾಗುತ್ತಿದ್ದೆನೇನೋ. ಆದರೆ ಅದರ ಕೋನವೂ ಪ್ರತಿಸಲ ಬೇರೆ ಬೇರೆ ಕಡೆಗೆ ತಿರುಗಿತ್ತು. ಮೂರು ಊರಿನ ನಾಲ್ಕು ಅಂಗಡಿಯವರು ಒಟ್ಟಾಗಿ ತಪ್ಪು ಮಾಡಲು ಸಾಧ್ಯವಿಲ್ಲ. ಅವರವರ ದಿನಕ್ಕೆ ಅವರವರು ಸರಿಯಾಗಿಯೇ ಅಳೆದಿದ್ದಾರೆ. ಹಾಗಾದರೆ ಬದಲಾಗುತ್ತಿರುವುದು ಕಣ್ಣೇ. ಊಟದ ಹೊತ್ತು ಮೀರಿದ್ದರೂ ನನಗೆ ಹಸಿವು ಮರೆತುಹೋಯಿತು.

"ಅಕ್ಷರ ಮಸುಕಾಗಿ ಕಾಣುದಾ, ಎರಡೆರಡು ಕಾಣುದಾ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ಎಡಗಣ್ಣನ್ನು ಕೈಯಿಂದ ಮುಚ್ಚಿ ಗೋಡೆಯ ಚಾರ್ಟನ್ನು ನೋಡಿದಳು. "ಅಕ್ಷರದ ಕೆಳಗೆ ಅದೇ ಅಕ್ಷರ ಇನ್ನೊಂದು ನೇತಾಡ್ತಾ ಉಂಟು. ಎಡ ಕಣ್ಣಲ್ಲಿ ಅಷ್ಟು ಇಲ್ಲ. ಸ್ವಲ್ಪ ಉಂಟು."

ಎಡಗಣ್ಣಲ್ಲಿ ಅವಳು ಕೊನೆಯ ಸಾಲೊಂದನ್ನು ಬಿಟ್ಟು ಎಲ್ಲವನ್ನೂ ಓದಿದಳು. ಬಲಗಣ್ಣಲ್ಲಿ ಚಾರ್ಟಿನ ಅರ್ಧಕ್ಕೂ ಬರಲಿಲ್ಲ. ಯಾವ ಗಾಜು ಇಟ್ಟರೂ ಅಕ್ಷರ ಚೊಕ್ಕ ಆಗಲಿಲ್ಲ.

ಕಿಟಕಿ ಮುಚ್ಚಿ, ಲೈಟ್ ಆರಿಸಿ ರೆಟಿನೋಸ್ಕೋಪ್ ಹಿಡಿದೆ. ಕಣ್ಣಿನ ಪಾಪೆಯ ಮೇಲೆ ಬೆಳಕಿನ ಪಟ್ಟಿಯೊಂದನ್ನು ಆಡಿಸಿ, ಒಳಗಿನಿಂದ ಮರಳಿ ಬರುವ ಕೆಂಪು ಹೊಳಪು ಹೇಗೆ ಓಡುತ್ತದೆಂದು ನೋಡುವ ಉಪಕರಣ ಅದು. ಸಾಮಾನ್ಯ ಕಣ್ಣಲ್ಲಿ ಹೊಳಪು ಒಂದೇ ದಿಕ್ಕಿಗೆ ಸರಿಯುತ್ತದೆ. ಈ ಬಲಗಣ್ಣಲ್ಲಿ ಅದು ಎರಡು ಸೀಳಾಗಿ, ಒಂದಕ್ಕೊಂದು ಎದುರು ಬಂದು, ಕತ್ತರಿಯ ಅಲಗುಗಳಂತೆ ಮುಚ್ಚಿ ತೆರೆಯಿತು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡಾಗ ಆಗುವ ಖುಷಿ ಕೆಟ್ಟದ್ದು. ಎದುರಿಗೆ ಕೂತಿರುವುದು ಒಂದು ಮಗು ಎಂಬುದು ಆಮೇಲೆ ನೆನಪಾಗುತ್ತದೆ.

ಕೊನೆಗೆ ಚೀಲದಿಂದ ಪ್ಲಾಸಿಡೋ ತಟ್ಟೆ ತೆಗೆದೆ. ಅದರ ಮೇಲೆ ಒಂದರೊಳಗೊಂದು ಕಪ್ಪು ಬಿಳುಪು ಬಳೆಗಳು, ಮಧ್ಯದಲ್ಲಿ ಇಣುಕಲು ತೂತು. ಕಣ್ಣಿನೆದುರು ಹಿಡಿದರೆ ಬಳೆಗಳ ಪ್ರತಿಬಿಂಬ ಕಾರ್ನಿಯಾದ ಮೇಲೆ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯ ಮೇಲೆ ಬೀಳುತ್ತದೆ. ಪೊರೆ ಗುಂಡಗಿದ್ದರೆ ಬಳೆಗಳೂ ಗುಂಡಗೆ. ಎಡಗಣ್ಣಲ್ಲಿ ಅವು ಹೆಚ್ಚುಕಡಿಮೆ ಸರಿಯಿದ್ದವು, ಕೆಳಭಾಗದಲ್ಲಿ ಒಂದು ಚೂರು ಒತ್ತಾಗಿದ್ದವು. ಬಲಗಣ್ಣಲ್ಲಿ ಬಳೆಗಳೆಲ್ಲ ಮೊಟ್ಟೆಯ ಆಕಾರಕ್ಕೆ ತಿರುಗಿ ಕೆಳಗೆ ಜಾರಿ ಗುಂಪುಗಟ್ಟಿದ್ದವು. ತಾಯಿಯನ್ನೂ ಕರೆದು ತೂತಿನಲ್ಲಿ ನೋಡಿಸಿದೆ.

"ಅಯ್ಯೋ, ಇದೆಂತ ಡಾಕ್ಟ್ರೆ, ಒಂದು ಕಣ್ಣಿಂದು ವಾರೆ ಉಂಟಲ್ಲ?"

ಕೆರಾಟೋಕೋನಸ್ ಎಂಬ ಹೆಸರು ಹೇಳಿ, ಬಿಡಿಸಿ ಹೇಳಿದೆ. ಕಾರ್ನಿಯಾ ತೆಳುವಾಗುತ್ತ ಹೋಗಿ, ತಡೆಯುವ ಬಲವಿಲ್ಲದೆ ಮುಂದಕ್ಕೆ ಮೊನಚಾಗಿ ಉಬ್ಬುತ್ತದೆ. ಕನ್ನಡಕ ಎಷ್ಟು ಬದಲಿಸಿದರೂ ವಾರೆಯಾದ ಪೊರೆಯ ಹಿಂದೆ ಚಿತ್ರ ನೇರವಾಗುವುದಿಲ್ಲ. ದೊಡ್ಡವರಲ್ಲಿ ಇದು ನಿಧಾನ, ಮಕ್ಕಳಲ್ಲಿ ಅವಸರದ ಕಾಯಿಲೆ. ಬಲಗಣ್ಣು ಈಗಾಗಲೇ ಬಹಳ ದೂರ ಹೋಗಿದೆ. ಎಡಗಣ್ಣು ಅದೇ ದಾರಿ ಹಿಡಿಯಲು ಹೊರಟಂತಿದೆ. ಹಾಗಾಗದಂತೆ ನೋಡಿಕೊಳ್ಳುವುದೇ ಈಗಿನ ಕೆಲಸ ಎಂದೆ. ತಾಯಿ ನಾಲ್ಕು ಕನ್ನಡಕಗಳನ್ನೂ ನಿಧಾನವಾಗಿ ಚೀಲಕ್ಕೆ ತುಂಬಿದರು.

ನಾನು ಚೀಟಿ ಬರೆಯುತ್ತಿದ್ದಾಗ ಕಿಚಕಿಚ ಎಂದು ಸದ್ದು ಕೇಳಿತು. ತಲೆಯೆತ್ತಿದರೆ ಹುಡುಗಿ ಬೆರಳಿನ ಗೆಣ್ಣಿನಿಂದ ಬಲಗಣ್ಣನ್ನು ತಿಕ್ಕುತ್ತಿದ್ದಳು, ಹಿಟ್ಟು ನಾದುವಷ್ಟು ಜೋರಾಗಿ. ಮೇಲಿನ ರೆಪ್ಪೆ ಮಗುಚಿ ನೋಡಿದೆ. ಒಳಗೆಲ್ಲ ದಪ್ಪ ದಪ್ಪ ಗುಳ್ಳೆ. ಅಲರ್ಜಿ. ತುರಿಕೆ, ತುರಿಕೆಗೆ ತಿಕ್ಕುವುದು, ತಿಕ್ಕಿದರೆ ಮೊದಲೇ ಸೋತ ಪೊರೆ ಇನ್ನಷ್ಟು ಸೋಲುವುದು.

ಮಂಗಳೂರಿನಲ್ಲಿ ಕಾರ್ನಿಯಾ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೊಬ್ಬರಿದ್ದಾರೆ, ಕಾಲೇಜಿನಲ್ಲಿ ನನಗೆ ಸೀನಿಯರ್. ಅವರಲ್ಲಿ ಕಾರ್ನಿಯಾದ ನಕ್ಷೆ ತೆಗೆಯುವ ಸ್ಕ್ಯಾನ್ ಉಂಟು, ಪೊರೆ ಉಬ್ಬಿದಷ್ಟೂ ನಕ್ಷೆ ಕೆಂಪಾಗುತ್ತದೆ. ಹುಡುಗಿಯನ್ನು ಅಲ್ಲಿಗೆ ಕಳುಹಿಸಿದೆ. ಬಲಗಣ್ಣಿನ ನಕ್ಷೆಯ ಕೆಳಭಾಗದಲ್ಲಿ ಕಡುಕೆಂಪು ಗುಡ್ಡೆ. ಎಡಗಣ್ಣಿನದರಲ್ಲಿ ಅದೇ ಜಾಗದಲ್ಲಿ ತಿಳಿ ಕಿತ್ತಳೆ. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ.

"ದೊಡ್ಡವರಾದ್ರೆ ಆರು ತಿಂಗಳು ಕಾದು, ಹೆಚ್ಚಾಗ್ತದಾ ನೋಡಿ, ಮತ್ತೆ ಕ್ರಾಸ್‌ಲಿಂಕಿಂಗ್ ಮಾಡುದು. ಮಕ್ಕಳಲ್ಲಿ ಕಾಯ್ಲಿಕ್ಕೆ ಹೋದ್ರೆ ಕಣ್ಣೇ ಹೋಗ್ತದೆ," ಎಂದರು ಸೀನಿಯರ್ ಫೋನಿನಲ್ಲಿ. "ಆದ್ರೆ ಇಷ್ಟು ತುರಿಕೆ ಇರುವ ಕಣ್ಣಿನ ಮೇಲ್ಪೊರೆ ಕೆರೆದ್ರೆ ಅದು ಕೂಡುದಿಲ್ಲ ಮಾರಾಯ್ತಿ. ಮೊದಲು ನೀನು ಆ ಅಲರ್ಜಿ ಇಳಿಸಿ ಕೊಡು."

ಕ್ರಾಸ್‌ಲಿಂಕಿಂಗ್ ಎಂದರೆ ಮೇಲ್ಪೊರೆ ಕೆರೆದು, ಕಿರಣ ಹಾಯಿಸಿ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ. ಹೋದ ದೃಷ್ಟಿಯನ್ನು ಅದು ತರುವುದಿಲ್ಲ, ಇದ್ದದ್ದು ಇದ್ದ ಹಾಗೆ ನಿಲ್ಲುತ್ತದೆ. ಅದಕ್ಕೂ ಮೊದಲು ನನ್ನ ಪಾಲಿನ ಕೆಲಸವಿತ್ತು. ಸ್ವಲ್ಪ ಕಾಲ ಸ್ಟೆರಾಯ್ಡ್ ಹನಿ, ಅದರಿಂದ ಏರಬಹುದಾದ ಕಣ್ಣಿನ ಒತ್ತಡದ ಮೇಲೆ ನಿಗಾ, ಆಮೇಲೆ ರೆಪ್ಪೆಯೊಳಗೆ ಹಚ್ಚುವ ಮುಲಾಮು, ತುರಿಸಿದಾಗಲೆಲ್ಲ ತಣ್ಣೀರ ಬಟ್ಟೆ. ಮುಲಾಮು ನಮ್ಮ ಕಡೆ ಸಿಗುವುದಿಲ್ಲ. ಮೆಡಿಕಲ್ ಶಾಪಿನ ಸಾಹೇಬರು ಮಂಗಳೂರಿನಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿಕೊಟ್ಟರು. ಬೇರೆ ಏನಾದರೂ ಹಾಕುತ್ತೀರಾ, ಕಾಡಿಗೆ, ತುಳಸಿ ರಸ, ಹಳೆಯ ಹನಿ, ಎಂದು ತಾಯಿಯನ್ನು ಒಂದೊಂದಾಗಿ ಕೇಳಿದೆ. ಎಂತದೂ ಇಲ್ಲ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಮದ್ದು ಕೆಲಸ ಮಾಡಿತು, ಮಾಡಲೂ ಇಲ್ಲ. ಗುರುವಾರ ಕಡಬದಲ್ಲಿ ನೋಡಿದರೆ ಕಣ್ಣು ಬೆಳ್ಳಗೆ, ಗುಳ್ಳೆ ಚಪ್ಪಟೆ. ಶಹಬ್ಬಾಸ್ ಎಂದುಕೊಳ್ಳುವೆ. ಒತ್ತಡ ಅಳೆಯಲು ಸೋಮವಾರ ಪುತ್ತೂರಿಗೆ ಬಂದರೆ ಕಣ್ಣು ಕೆಂಪು, ರೆಪ್ಪೆ ಊದಿಕೊಂಡು ಮತ್ತೆ ಕಿಚಕಿಚ. ಮುಂದಿನ ಗುರುವಾರ ಶಾಂತ. ಸೋಮವಾರ ಪುನಃ ಅದೇ ಗೋಳು. ಮೊದಲು ಪುತ್ತೂರಿನ ಬಸ್ಸಿನ ಧೂಳಿನ ಮೇಲೆ ಗುಮಾನಿ ಪಟ್ಟೆ. ಜೀಪಿನಲ್ಲಿ ಬನ್ನಿ ಎಂದೆ. ಜೀಪಿನಲ್ಲಿ ಬಂದರೂ ಸೋಮವಾರ ಸೋಮವಾರವೇ ಆಗಿತ್ತು.

"ಶನಿವಾರ, ಆದಿತ್ಯವಾರ ಇವಳು ಎಲ್ಲಿರುದು?" ಎಂದು ಕೇಳಿದೆ.

"ಮರ್ಕಂಜದಲ್ಲಿ, ನನ್ನ ಅಪ್ಪನ ಮನೆಯಲ್ಲಿ. ಮದುವೆ ಬ್ಲೌಸುಗಳ ಗಡಿಬಿಡಿ ಎಲ್ಲ ನಂಗೆ ಆ ಎರಡು ದಿವಸವೇ ಅಲ್ವಾ? ಆದಿತ್ಯವಾರ ರಾತ್ರಿ ಇವಳಪ್ಪ ಹೋಗಿ ಕರ್ಕೊಂಡು ಬರ್ತಾರೆ."

ಅಲ್ಲಿ ಬೆಕ್ಕುಂಟಾ, ಒಲೆಯ ಹೊಗೆ ಉಂಟಾ, ರಬ್ಬರ್ ಶೀಟು ಒಣಗಿಸುವ ಗೂಡು ಉಂಟಾ ಎಂದು ಕೇಳುತ್ತ ಹೋದೆ. ಎಲ್ಲವೂ ಇದ್ದವು, ಕಡಬದ ಮನೆಯ ಸುತ್ತಲೂ ಇದ್ದವು. ಸುಮ್ಮನಾಗಿ ಹುಡುಗಿಯ ಮುಖವನ್ನು ಸ್ಲಿಟ್ ಲ್ಯಾಂಪಿಗೆ ಆನಿಸಿ ದೊಡ್ಡದು ಮಾಡಿ ನೋಡಿದೆ. ಬಲಗಣ್ಣಿನ ರೆಪ್ಪೆಗೂದಲ ಬುಡದಲ್ಲಿ ಕಂದು ಅಂಟು. ಈ ಬಾರಿ ಎಡಗಣ್ಣಲ್ಲೂ ಒಂದಿಷ್ಟಿತ್ತು. ಕೀವಲ್ಲ, ಮುಲಾಮೂ ಅಲ್ಲ. ಒದ್ದೆ ಹತ್ತಿಯಲ್ಲಿ ಒರೆಸಿ ಮೂಸಿದೆ. ಹುಳಿ ಬೆರೆತ ಸಿಹಿ. ನಾನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ಆ ವಾಸನೆಗೆ ಲ್ಯಾಬಿನ ರಿಪೋರ್ಟು ಬೇಕಿರಲಿಲ್ಲ.

"ಮುಜಂಟಿ ಜೇನಾ?"

ಹುಡುಗಿಯ ಮುಖ ಅರಳಿತು. "ಹೌದು! ಅಜ್ಜ ಬಿಡುದು. ನೀವು ಜೇನು ಅಂತ ಕೇಳ್ಲೇ ಇಲ್ಲ."

ಮುಜಂಟಿ ಎಂದರೆ ನೊಣಕ್ಕಿಂತ ಚಿಕ್ಕದಾದ, ಕಚ್ಚದ ಜೇನು. ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ. ಅದರ ತುಪ್ಪ ಕಣ್ಣಿಗೆ ಒಳ್ಳೆಯದೆಂದು ನಮ್ಮ ಕಡೆ ಗಟ್ಟಿ ನಂಬಿಕೆ. ಮಗಳಿಗೆ ಹೀಗೊಂದು ನಡೆಯುತ್ತಿದೆಯೆಂದು ತಾಯಿಗೆ ಗೊತ್ತೇ ಇರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ಜೇನು ಬಿಟ್ಟರೆ ಉರಿಯುತ್ತದೆ, ಸರಿ. ಆದರೆ ಬಲಗಣ್ಣೇ ಯಾಕೆ ಹೆಚ್ಚು ಕೆಟ್ಟಿತು? ಎಡಗಣ್ಣಿಗೆ ಈಗ ಯಾಕೆ ಸುರುವಾಯಿತು? ಮುಂದಿನ ಆದಿತ್ಯವಾರ ಹುಡುಗಿಯ ತಂದೆ ತಾಯಿಯ ಜೊತೆ ನಾನೂ ಜೀಪು ಹತ್ತಿ ಮರ್ಕಂಜಕ್ಕೆ ಹೋದೆ.

ಅಜ್ಜನಿಗೆ ಎಪ್ಪತ್ತರ ಆಸುಪಾಸು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಮಾಡಿನ ಕೆಳಗೆ ಸಾಲಾಗಿ ತೂಗುಹಾಕಿದ ಮಡಕೆಗಳಲ್ಲಿ ಮುಜಂಟಿಯ ಸಂಸಾರ. ಕಣ್ಣಿನ ಡಾಕ್ಟ್ರು ಜೇನು ನೋಡಲು ಬಂದಿದ್ದಾರೆಂದು ಅವರಿಗೆ ಪರಮ ಸಂತೋಷ. ಒಂದು ಮಡಕೆ ಬಿಚ್ಚಿ, ತೆಂಗಿನ ಕಡ್ಡಿಯ ತುದಿಯಲ್ಲಿ ಒಂದು ಹನಿ ಎತ್ತಿ ತೋರಿಸಿದರು.

"ನೋಡಿ, ಇಷ್ಟೇ. ಬಿಟ್ಟ ಕೂಡ್ಲೆ ಉರಿ ಬರ್ತದೆ. ಬರ್ಬೇಕು. ಆಗ ಕಣ್ಣು ಮುಚ್ಚಿ ಗಟ್ಟಿ ತಿಕ್ಕಬೇಕು, ಒಳಗೆ ಇಳೀಬೇಕಲ್ಲ. ನೀರು ಹೋಯ್ತು ಅಂದ್ರೆ ಕಲ್ಮಶ ಎಲ್ಲ ಹೋಯ್ತು."

"ಇವಳಿಗೆ ಯಾವ ಕಣ್ಣಿಗೆ ಬಿಡುದು?"

"ಕಾಣದ ಕಣ್ಣಿಗೆ, ಬಲದ್ದಕ್ಕೆ. ಮತ್ತೆ ಎಂತ, ಸರಿ ಇದ್ದ ಕಣ್ಣಿಗೆ ಬಿಡುದುಂಟಾ? ಈಗ ಎಡದ್ದೂ ಸ್ವಲ್ಪ ಮಂಜು ಅಂತಾಳೆ. ಹಾಗೆ ಅದಕ್ಕೂ ಸುರು ಮಾಡಿದೆ."

ಸುತ್ತು ಅಲ್ಲೇ ಪೂರ್ತಿಯಾಯಿತು. ಕಾಣದ ಕಣ್ಣಿಗೆ ಜೇನು, ಜೇನಿಗೆ ಉರಿ, ಉರಿಗೆ ತಿಕ್ಕು, ತಿಕ್ಕಿದಷ್ಟೂ ಕಾಣದಾಗುವ ಕಣ್ಣು, ಅದಕ್ಕೆ ಇನ್ನಷ್ಟು ಜೇನು. ಜೇನಿನಿಂದಲೇ ಈ ಕಾಯಿಲೆ ಬಂತೆಂದು ನಾನು ಹೇಳಲಾರೆ. ಇದ್ದದ್ದನ್ನು ಅದು ದೂಡಿಕೊಂಡು ಹೋಗುತ್ತಿತ್ತು ಎನ್ನುವಷ್ಟು ಮಾತ್ರ ಖಾತ್ರಿ.

ಆಮೇಲೆ ನಾನು ಮಾಡಿದ್ದನ್ನು ನನ್ನ ರೋಗಿಗಳು ಮಾಡಿದರೆ ಕಿವಿ ಹಿಂಡುತ್ತೇನೆ. ನನ್ನ ಕಣ್ಣಿಗೂ ಒಂದು ಹನಿ ಬಿಡಿ ಎಂದೆ. ಅಜ್ಜ ಹಿಂದೆ ಮುಂದೆ ನೋಡಲಿಲ್ಲ. ಉಪ್ಪು ಮೆಣಸು ಎರಚಿದ ಹಾಗೆ ಉರಿ ಹತ್ತಿತು. ತಿಕ್ಕಬಾರದೆಂದು ಊರಿಗೆಲ್ಲ ಹೇಳುವ ನನ್ನದೇ ಕೈ ನನ್ನನ್ನು ಕೇಳದೆ ಕಣ್ಣಿಗೆ ಹೋಯಿತು. "ತಿಕ್ಕಿ ಡಾಕ್ಟ್ರೆ, ಗಟ್ಟಿ ತಿಕ್ಕಿ," ಎಂದು ಅಜ್ಜ ಹುರಿದುಂಬಿಸಿದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮಗುವಿಗೆ 'ತಿಕ್ಕಬೇಡ' ಎಂದು ಬರಿದೇ ಹೇಳಿದ್ದು ಎಂಥ ದಡ್ಡತನ ಎಂದು ಆಗ ನನಗೆ ಅರ್ಥವಾಯಿತು.

ಕಣ್ಣು ತೊಳೆದು ಬಂದು ಅಜ್ಜನ ಕೈಗೆ ಪ್ಲಾಸಿಡೋ ತಟ್ಟೆ ಕೊಟ್ಟೆ. ಮೊದಲು ತಮ್ಮ ಮಗಳ ಕಣ್ಣು ನೋಡಿದರು, ಗುಂಡಗಿನ ಬಳೆಗಳು. ಆಮೇಲೆ ಮೊಮ್ಮಗಳ ಬಲಗಣ್ಣು, ಕೆಳಗೆ ಜಾರಿದ ವಾರೆ ಬಳೆಗಳು. ನೋಡುವುದಕ್ಕೆ ಅವರು ತಮ್ಮ ಎಡಗಣ್ಣನ್ನೇ ಬಳಸುತ್ತಿದ್ದರು. ಬಲಗಣ್ಣಿಗೆ ಎಂತಾಗಿದೆ ಎಂದು ಕೇಳಿದೆ.

"ಅದು ಹಳೇದು. ಸಣ್ಣ ಪ್ರಾಯದಲ್ಲಿ ಹೆಜ್ಜೇನು ತೆಗೀಲಿಕ್ಕೆ ಹೋಗಿ ಹೊಡೆಸಿಕೊಂಡದ್ದು ಅಂತ ಅಪ್ಪ ಹೇಳ್ತಿದ್ರು. ನಂಗೆ ನೆನಪಿಲ್ಲ. ಒಂದಕ್ಕೆ ನಾಲ್ಕು ಕಾಣ್ತದೆ, ಹಾಗೆ ಅದನ್ನು ಬಿಟ್ಟೇ ಬಿಟ್ಟಿದ್ದೇನೆ."

ಟಾರ್ಚ್ ಹಿಡಿದು ಕೆಳಗೆ ನೋಡಿ ಎಂದೆ. ಕೆಳರೆಪ್ಪೆಯ ಅಂಚು ನೇರವಾಗಿ ಉಳಿಯದೆ ಒಳಗೆ ಉಬ್ಬಿದ ಪೊರೆಯ ಮೊನೆಗೆ ತಗುಲಿ ಮೂಲೆಯಾಗಿ ಬಾಗಿತು. ಕಾರ್ನಿಯಾದ ತುದಿಯಲ್ಲಿ ಹಳೆಯ ಬಿಳಿ ಕಲೆ. ತಟ್ಟೆ ಹಿಡಿದೆ, ಬಳೆಗಳು ಬಳೆಗಳಾಗಿಯೇ ಉಳಿದಿರಲಿಲ್ಲ. ಹೊಡೆಸಿಕೊಂಡದ್ದಲ್ಲ. ಮೊಮ್ಮಗಳದ್ದೇ ಕಾಯಿಲೆ. ಯಾರೂ ಹೆಸರಿಡದೆ, ಯಾರೂ ತಡೆಯದೆ, ತನಗೆ ಬೇಕಾದಷ್ಟು ದೂರ ಹೋಗಿ ತಾನೇ ನಿಂತದ್ದು.

ಅದನ್ನು ಮುಚ್ಚಿಡದೆ ಹೇಳಿದೆ. ಅಜ್ಜ ತಟ್ಟೆಯನ್ನು ನನ್ನ ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

"ಹಾಗಾದ್ರೆ ಇದು ನನ್ನಿಂದ ಬಂದದ್ದಾ ಅವಳಿಗೆ?"

"ಕಣ್ಣು ನಿಮ್ಮಿಂದ ಬಂದಿರಬಹುದು. ಅದು ಯಾರ ಕೈಯಲ್ಲೂ ಇಲ್ಲ. ತಿಕ್ಕುದು ಮಾತ್ರ ನಮ್ಮ ಕೈಯಲ್ಲಿ ಉಂಟು."

ಅವರು ಎದ್ದು ಹೋಗಿ ಬಿಚ್ಚಿದ ಮಡಕೆಯನ್ನು ಮುಚ್ಚಿ ಬಂದರು. ಅಂದಿನಿಂದ ಶನಿವಾರ ಆದಿತ್ಯವಾರದ ಹನಿ, ಮುಲಾಮು, ತಣ್ಣೀರ ಬಟ್ಟೆ ಎಲ್ಲ ಅವರ ಜವಾಬ್ದಾರಿ ಎಂದೆ. ಸೋಮವಾರದ ಕಣ್ಣು ಗುರುವಾರದ ಕಣ್ಣಿನ ಹಾಗೆ ಆಗುತ್ತ ಬಂತು.

ಎರಡನೇ ಸ್ಕ್ಯಾನಿನಲ್ಲಿ ಯೋಚನೆಗೆ ಬಿದ್ದೆವು. ಬಲಗಣ್ಣು ಮೊದಲು ಕಂಡಂತೆಯೇ ಇತ್ತು. ಎಡಗಣ್ಣಿನ ಕಿತ್ತಳೆ ಕೆಂಪಾಗಿತ್ತು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟೇ ಕ್ರಾಸ್‌ಲಿಂಕಿಂಗ್ ಮಾಡಬೇಕು, ಅದನ್ನು ಎರಡೆರಡು ಸಲ ಕೊಡದಿದ್ದರೆ ಒಳ್ಳೆಯದು. ಆದರೆ ಎರಡೂ ಕಣ್ಣನ್ನು ಒಂದೇ ಸಲ ಮಾಡಿ ಎರಡರಲ್ಲೂ ಸೋಂಕು ಹತ್ತಿದರೆ? ಸೀನಿಯರ್ ಅದಕ್ಕೆ ಒಪ್ಪಲಿಲ್ಲ. ಹಾಗಾದರೆ ಮೊದಲು ಯಾವುದು?

"ಎಡದ್ದು," ಎಂದೆ. "ಬಲಗಣ್ಣಲ್ಲಿ ಕಳಕೊಳ್ಳುದು ಕಳಕೊಂಡಾಗಿದೆ. ಓಡ್ತಾ ಇರುದು ಎಡದ್ದು."

"ಅಷ್ಟರಲ್ಲಿ ಬಲಗಣ್ಣು ಇನ್ನೂ ತೆಳು ಆದ್ರೆ?" ಎಂದು ಕೇಳಿದರು ಸೀನಿಯರ್. ಕಾರ್ನಿಯಾ ತೀರ ತೆಳುವಾದರೆ ಚಿಕಿತ್ಸೆಯ ಕಿರಣ ಒಳಪದರವನ್ನು ಸುಡಬಹುದು. ಹಾಗಾದರೆ ಅದನ್ನು ಹನಿಯಿಂದ ಊದಿಸಿ ಮಾಡುವ ದಾರಿಯೊಂದಿದೆ, ಕಷ್ಟದ ದಾರಿ. ಅದನ್ನೂ ಲೆಕ್ಕಕ್ಕೆ ಹಿಡಿದು ಕೊನೆಗೆ ಅವರೂ ಎಡಗಣ್ಣೆಂದರು.

ಆದರೆ ಇದನ್ನು ತಾಯಿಗೆ ಹೇಳುವುದು ಸುಲಭವಾಗಲಿಲ್ಲ. "ಒಳ್ಳೆ ಕಣ್ಣಿಗೆ ಆಪರೇಷನ್ನಾ? ಕಾಣುದೇ ಅದೊಂದರಲ್ಲಿ! ಅದಕ್ಕೂ ಎಂತಾದ್ರೂ ಆದ್ರೆ ಇವಳು ಎಂತ ಮಾಡುದು ಡಾಕ್ಟ್ರೆ? ಹಾಳಾದದ್ದನ್ನು ಸರಿ ಮಾಡಿ ಅಂದ್ರೆ ನೀವು ಸರಿ ಇದ್ದದ್ದಕ್ಕೆ ಕೈ ಹಾಕುದಾ?" ಅವರು ಅಳುತ್ತಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅವರನ್ನು ಒಪ್ಪಿಸಿದ್ದು ನಾನಲ್ಲ. ಅಜ್ಜ ತಮ್ಮ ಬಲಗಣ್ಣನ್ನು ಮುಟ್ಟಿ ತೋರಿಸಿ, "ಇದು ಕೂಡ ಒಂದು ಕಾಲಕ್ಕೆ ಒಳ್ಳೆ ಕಣ್ಣೇ ಆಗಿತ್ತು," ಎಂದರು. ತಾಯಿ ಸಹಿ ಹಾಕಿದರು.

ಗೊತ್ತುಮಾಡಿದ ದಿನ ಉಪ್ಪಿನಂಗಡಿಯಲ್ಲಿ ಹೊಳೆ ಉಕ್ಕಿ ಹೆದ್ದಾರಿಗೇ ನೀರು ಬಂತು. ಜೀಪು ಅರ್ಧ ದಾರಿಯಿಂದ ಹಿಂದೆ ಹೋಯಿತು. ಮತ್ತೊಂದು ದಿನ ಸಿಗುವವರೆಗೆ ಹುಡುಗಿ ಕಣ್ಣಿಗೆ ಕೈ ತಾಗಿಸಿದಳಾ ಎಂದು ದಿನಾ ಫೋನ್ ಮಾಡಿ ಕೇಳುತ್ತಿದ್ದೆ.

ಚಿಕಿತ್ಸೆಯ ದಿನ ನಾನೂ ಒಳಗೆ ನಿಂತಿದ್ದೆ. ಸೀನಿಯರ್ ಮೇಲ್ಪೊರೆಯನ್ನು ಮೆಲ್ಲಗೆ ಕೆರೆದು ತೆಗೆದರು. ಅರ್ಧ ಗಂಟೆ ಹಳದಿ ಹನಿ, ರೈಬೋಫ್ಲೇವಿನ್. ಕಾರ್ನಿಯಾ ಅದನ್ನು ಹೀರಿ ಹಳದಿಯಾಯಿತು. ದಪ್ಪ ಅಳೆದು, ಸಾಕಷ್ಟಿದೆ ಎಂದಾದ ಮೇಲೆ ಅತಿನೇರಳೆ ಕಿರಣ ಹಾಯಿಸಿದರು. ಕಣ್ಣಿಗೆ ಕಾಣುವಂಥದ್ದು ಏನೂ ನಡೆಯುವುದಿಲ್ಲ. ಒಳಗೆ ನೂಲು ನೂಲಿಗೆ ಕೊಂಡಿ ಬೀಳುತ್ತಿರುತ್ತದೆ. ಕೊನೆಗೆ ಗಾಯದ ಮೇಲೆ ಮೆದು ಲೆನ್ಸೊಂದನ್ನು ಮುಚ್ಚಿ ಮನೆಗೆ ಕಳುಹಿಸಿದರು. ಹುಡುಗಿಗೆ ಶಾಲೆಗೆ ರಜೆ, ಆರೈಕೆ ಮರ್ಕಂಜದಲ್ಲಿ.

ಮೂರನೇ ದಿನ ಬೆಳಗ್ಗೆ ತಂದೆಯ ಜೀಪು ಪುತ್ತೂರಿನ ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿತು. ಲೆನ್ಸ್ ಬಿದ್ದುಹೋಗಿತ್ತು. ಹುಡುಗಿ ಕಣ್ಣು ಬಿಡಲಾರದೆ ಅಜ್ಜನ ಎದೆಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಮರಗಟ್ಟಿಸುವ ಹನಿ ಹಾಕಿ ನೋಡಿದೆ. ಎಡಗಣ್ಣಿನ ಕಾರ್ನಿಯಾದ ಅಂಚಿನಲ್ಲಿ ಬಿಳಿ ಚುಕ್ಕೆ.

ಬಿಳಿ ಚುಕ್ಕೆ ಎರಡು ಥರ. ಒಂದು ಸೋಂಕು, ಕಣ್ಣನ್ನೇ ತಿನ್ನಬಹುದು, ಅದಕ್ಕೆ ಸ್ಟೆರಾಯ್ಡ್ ಕೊಟ್ಟರೆ ಬೆಂಕಿಗೆ ಎಣ್ಣೆ. ಇನ್ನೊಂದು, ಅಲರ್ಜಿಯ ಮಕ್ಕಳಲ್ಲಿ ಈ ಚಿಕಿತ್ಸೆಯ ನಂತರ ದೇಹವೇ ಕಳಿಸುವ ಬಿಳಿ ರಕ್ತಕಣಗಳ ಗುಂಪು. ಅದಕ್ಕೆ ಸ್ಟೆರಾಯ್ಡ್ ಕೊಡದಿದ್ದರೆ ಕಲೆ ಉಳಿಯುತ್ತದೆ. ನೋಡಲು ಎರಡೂ ಒಂದೇ. ಚುಕ್ಕೆಯನ್ನು ಕೆರೆದು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ; ಕ್ರಿಮಿ ಕಾಣಲಿಲ್ಲ. ಆದರೆ ಅಷ್ಟು ಸಣ್ಣ ಕೆರೆತದಲ್ಲಿ ಕಾಣದಿರುವುದೂ ಉಂಟು. ಕ್ರಿಮಿ ಬೆಳೆಯುತ್ತದೋ ನೋಡಲು ಕಲ್ಚರಿಗೆ ಕಳುಹಿಸಿ, ಗಂಟೆಗೊಮ್ಮೆ ಆಂಟಿಬಯಾಟಿಕ್ ಸುರು ಮಾಡಿದೆ. ಸ್ಟೆರಾಯ್ಡಿನ ಪ್ರಶ್ನೆ ಹಾಗೆಯೇ ಉಳಿಯಿತು. ಹಸಿ ಗಾಯಕ್ಕೆ ಜೇನು ಬಿದ್ದಿದ್ದರೆ ಸೋಂಕೆಂದೇ ಹಿಡಿಯಬೇಕು.

ಅಜ್ಜನನ್ನು ಪಕ್ಕದ ಕೋಣೆಗೆ ಕರೆದೆ. "ಲೆನ್ಸ್ ಬಿದ್ದ ಮೇಲೆ ಮಗು ಅಷ್ಟು ಅಳುವಾಗ, ಪಾಪ ಅನಿಸಿ, ಒಂದು ಹನಿ ಜೇನು ಬಿಟ್ಟಿದ್ರೆ ಹೇಳಿ. ನಾನು ಬೈಯುದಿಲ್ಲ. ಗೊತ್ತಾದ್ರೆ ಮದ್ದು ಬೇರೆ ಕೊಡ್ಲಿಕ್ಕುಂಟು."

ಅವರು ನನ್ನನ್ನು ನೇರ ನೋಡಿದರು. "ಬಿಡ್ಲಿಲ್ಲ ಡಾಕ್ಟ್ರೆ. ಮನಸ್ಸಾಯ್ತು. ಸುಳ್ಳು ಯಾಕೆ ಹೇಳ್ಲಿ, ಮಡಕೆಯ ಹತ್ತಿರ ಹೋಗಿ ನಿಂತಿದ್ದೆ. ಮತ್ತೆ ಬಂದು ಅವಳ ಎರಡೂ ಕೈ ಹಿಡ್ಕೊಂಡು ಕೂತೆ. ಬೆಳಗಾಗುವವರೆಗೆ ಕೈ ಬಿಡ್ಲಿಲ್ಲ."

ಮಡಕೆಯ ಹತ್ತಿರ ಹೋಗಿದ್ದನ್ನು ಹೇಳಿದರಲ್ಲ, ಅದಕ್ಕೇ ನಾನು ನಂಬಿದೆ. ಚುಕ್ಕೆಯ ಫೋಟೋ ತೆಗೆದು ಸೀನಿಯರಿಗೆ ಕಳುಹಿಸಿ ಫೋನ್ ಮಾಡಿದೆ. "ಜೇನು ಹಾಕ್ಲಿಲ್ಲ ಅಂತ ನಿಂಗೆ ಗ್ಯಾರಂಟಿ ಉಂಟಾ?" ಎಂದು ಕೇಳಿದರು. "ಉಂಟು," ಎಂದೆ. ಎರಡು ದಿನ ಆಂಟಿಬಯಾಟಿಕ್ ಮಾತ್ರ ನಡೆಸಿದೆವು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಚುಕ್ಕೆ ಹೆಚ್ಚಲೂ ಇಲ್ಲ, ಕಡಿಮೆಯೂ ಆಗಲಿಲ್ಲ. ಪೂರ್ತಿ ವರದಿಗೆ ಇನ್ನೂ ಕಾದರೆ ಕಲೆ ಗಟ್ಟಿಯಾಗುವುದು ಖಂಡಿತ. ಅಜ್ಜನ ಮಾತಿನ ಮೇಲೆ ಭಾರ ಹಾಕಿ ಸ್ಟೆರಾಯ್ಡ್ ಹನಿ ಸುರು ಮಾಡಿದೆ. ಮರುದಿನ ಹುಡುಗಿ ಆಸ್ಪತ್ರೆಗೆ ಬರುವ ಮೊದಲು ನಾನು ಬಾಗಿಲಿಗೂ ಮೇಜಿಗೂ ಎಷ್ಟು ಸಲ ನಡೆದೆನೋ ತಿಳಿಯದು. ಸ್ಲಿಟ್ ಲ್ಯಾಂಪಿಗೆ ಮುಖ ಆನಿಸಿದಳು. ಚುಕ್ಕೆಯ ಅಂಚು ಕರಗತೊಡಗಿತ್ತು.

ಬಲಗಣ್ಣಿನ ಸರದಿ ಬರುವಾಗ ಅದು ನಾವು ಹೆದರಿದಂತೆಯೇ ಇನ್ನಷ್ಟು ತೆಳುವಾಗಿತ್ತು. ಊದಿಸಿಯೇ ಮಾಡಬೇಕಾಯಿತು. ಈಗ ಅದಕ್ಕೊಂದು ಗಟ್ಟಿ ಲೆನ್ಸ್ ಇದೆ. ಹಾಕಿದರೆ ತಕ್ಕಮಟ್ಟಿಗೆ ಕಾಣುತ್ತದೆ, ಆದರೆ ಬಹಳ ಹೊತ್ತು ಹಾಕಿಕೊಂಡಿರಲು ಅವಳಿಗೆ ಆಗುವುದಿಲ್ಲ. ಎಡಗಣ್ಣನ್ನೇ ಮೊದಲು ಮಾಡಿದ್ದು ಸರಿಯೇ ಎಂದು ನಾನು ಆ ದಿನಗಳಲ್ಲಿ ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಎಡಗಣ್ಣು ಇದ್ದ ಹಾಗೆ ನಿಲ್ಲದಿದ್ದರೆ ಆ ಮಾತಿಗೆ ಅರ್ಥವಿರುವುದಿಲ್ಲ.

ವರ್ಷ ಕಳೆದ ಮೇಲಿನ ಸ್ಕ್ಯಾನಿಗೆ ಎಲ್ಲರೂ ಮಂಗಳೂರಿಗೆ ಹೋದೆವು. ಸೀನಿಯರ್ ಎಡಗಣ್ಣಿನ ಹಳೆಯ ನಕ್ಷೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಒಂದರಿಂದ ಒಂದನ್ನು ಕಳೆಯಲು ಯಂತ್ರಕ್ಕೆ ಹೇಳಿದರು. ಎಲ್ಲಿ ಉಬ್ಬಿದೆಯೋ ಅಲ್ಲಿ ಕೆಂಪು, ಎಲ್ಲಿ ತಗ್ಗಿದೆಯೋ ಅಲ್ಲಿ ನೀಲಿ, ಏನೂ ಬದಲಾಗದಲ್ಲಿ ಹಸಿರು ಬರಬೇಕು. ಪರದೆಯ ತುಂಬ ಒಂದೇ ಸಮನಾದ ಹಸಿರು ಬಂತು. ತಾಯಿ ನನ್ನ ಮೊಣಕೈ ಹಿಡಿದುಕೊಂಡರು.

ಹುಡುಗಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಬೇರೆ ಏನಾದರೂ ಬಣ್ಣ ಬಂದೀತೆಂದು ಕಾದಿದ್ದಳೇನೋ. "ಇಷ್ಟೆಲ್ಲ ಮಾಡಿ ಎಂತದೂ ಆಗ್ಲಿಲ್ವಾ?" ಎಂದಳು.

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು.

"ಎಂತದೂ ಆಗ್ಲಿಲ್ಲ ಮಗಾ," ಎಂದರು. "ನಂಗೆ ಆಗಿತ್ತು. ನಿಂಗೆ ಆಗ್ಲಿಲ್ಲ."